ಉಪ್ಪು ನೋಡುವವಳು

ರುದ್ರಮ್ಮನ ಬಾಯಲ್ಲಿ ಗುಳ್ಳೆಗಳಾಗಿವೆ ಎಂಬುದು ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಯಿತು.

ಅವಳ ಸೊಸೆ ಮಾಲಿನಿ ಬೇಲೂರಿನ ಬಸ್ ಸ್ಟ್ಯಾಂಡ್ ಪಕ್ಕದ ಚಿಕ್ಕ ಲ್ಯಾಬಿನಲ್ಲಿ ಟೆಕ್ನಿಶಿಯನ್. ಹಗಲೆಲ್ಲ ಬೇರೆಯವರ ರಕ್ತ, ಮೂತ್ರ, ಕಫ ನೋಡಿ, ಸಂಜೆ ಹಗರೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಮನೆ ಸೇರುವವಳು. ಆ ಮಂಗಳವಾರ ಅವಳು ಮನೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಮೂವರು ನಿಲ್ಲಿಸಿ ಕೇಳಿದ್ದರು. ಮೂರನೆಯವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ ಕೇಳಿದಳು, "ಅಂಟು ಕಾಯಿಲೆಯಂತಲ್ಲವ್ವ?"

ಮನೆಯಲ್ಲಿ ರುದ್ರಮ್ಮ ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದಳು.

"ಬಾಯಿ ತೆಗೀರಿ ಅತ್ತೆ."

"ಮೊದ್ಲು ಕಾಪಿ ಕುಡಿ. ನನ್ ಬಾಯಿ ಎಲ್ಲೂ ಓಡೋಗಲ್ಲ."

ಟಾರ್ಚ್ ಹಿಡಿದು ಮಾಲಿನಿ ನೋಡಿದಳು. ಕೆಳತುಟಿಯ ಒಳಮೈಯಲ್ಲಿ ಐದಾರು, ಎಡಗೆನ್ನೆಯ ಒಳಗೆ ಎರಡು. ಸಾಸಿವೆಯಿಂದ ತೊಗರಿಬೇಳೆಯವರೆಗಿನ ಗಾತ್ರ. ಮೆತ್ತಗಿದ್ದವು, ಸುತ್ತಲಿನ ಚರ್ಮದ ಬಣ್ಣವೇ ಅವಕ್ಕೂ ಇತ್ತು.

"ಯಾವಾಗಿಂದ?"

"ಆರೇಳು ತಿಂಗಳಾಗಿರಬೌದು. ನೋವಿಲ್ಲ, ಉರಿಯಿಲ್ಲ. ಏನಂತ ಹೇಳ್ಲಿ ನಿಂಗೆ?"

ಆಗಿದ್ದು ಇಷ್ಟು. ಊರಿನ ಶಾಲೆಯಲ್ಲಿ ಬಿಸಿಯೂಟ ಶುರುವಾಗಿ ಒಂದು ವರ್ಷ. ಮುಖ್ಯ ಅಡುಗೆಯವಳಾಗಿ ರುದ್ರಮ್ಮನ ಹೆಸರು ಬಂದಾಗ ಕೆಲವರು ಮುಖ ತಿರುಗಿಸಿದ್ದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದು ಗೊತ್ತಿಲ್ಲದವರೂ ಇರಲಿಲ್ಲ. ಆಮೇಲೆ ಅವಳ ಸಾರು ಆ ಮಾತನ್ನು ಮುಚ್ಚಿತ್ತು. ದಿನಾ ಬಡಿಸುವ ಮೊದಲು ಅವಳು ನಾಲ್ಕು ಹನಿ ಸಾರನ್ನು ಅಂಗೈಗೆ ಹಾಕಿಕೊಂಡು ಉಪ್ಪು ನೋಡುತ್ತಿದ್ದಳು. ನಂತರ ಹೆಡ್ ಮೇಡಂ ಎರಡು ತುತ್ತು ಉಣ್ಣಬೇಕು, ಆಮೇಲೆ ಮಕ್ಕಳು. ಅವತ್ತು ಸಾರು ಜಾಸ್ತಿ ಬಿಸಿಯಿತ್ತು. ತುಟಿ ಸುಟ್ಟು, ರುದ್ರಮ್ಮ ಕೆಳತುಟಿ ಹೊರಕ್ಕೆ ಮಡಚಿ ಗಾಳಿ ಹಾಕಿಕೊಂಡಳು. ಎದುರಿಗೇ ಶಾಲಾ ಸಮಿತಿ ಅಧ್ಯಕ್ಷರಾದ ರೇವಣಸಿದ್ದಪ್ಪನವರು ನಿಂತಿದ್ದರು, ಒಳಗಿನ ಗುಳ್ಳೆಗಳು ಅವರ ಕಣ್ಣಿಗೆ ಬಿದ್ದವು. ತೆಂಗಿನತೋಟದ ಯಜಮಾನರು, ಕೆಟ್ಟವರಲ್ಲ, ಆದರೆ ನಾಲ್ಕು ಜನರ ಮಾತಿಗೆ ಹೆದರುವವರು. ಪರೀಕ್ಷೆ ಮಾಡಿಸಿ ಕಾಗದ ತರುವವರೆಗೆ ಒಲೆಯ ಹತ್ತಿರ ಬರುವುದು ಬೇಡ ಎಂದು ಮಧ್ಯಾಹ್ನವೇ ಹೇಳಿ ಕಳಿಸಿದ್ದರು.

ರಾತ್ರಿ ಊಟಕ್ಕೆ ಕೂತಾಗ ಮಗ ಸ್ವಾಮಿ ಮೊದಲು ಬಾಯಿ ತೆಗೆದ. ಅವನು ಅರಸೀಕೆರೆ ಡಿಪೋದ ಬಸ್ ಕಂಡಕ್ಟರ್. ದಿನ ಬಿಟ್ಟು ದಿನ ಮನೆಗೆ ಬರುವವನು.

"ಬಿಟ್ಟಾಕವ್ವ ಆ ಸೌಟನ್ನ. ನನ್ ಸಂಬಳ ಐತೆ, ಇವಳದ್ದೈತೆ, ಅಪ್ಪಂಗೆ ಪಿಂಚಣಿ ಬತ್ತದೆ. ಊರವರ ಮಕ್ಕಳಿಗೆ ಹೊಗೆ ಕುಡ್ಕೊಂಡು ಬೇಯಿಸಿ ಹಾಕೋ ಕರ್ಮ ನಿಂಗ್ಯಾಕೆ?"

"ನಾನು ಸಂಬಳಕ್ಕೋಗ್ತಿಲ್ಲ ಕಣಪ್ಪ."

"ಮತ್ಯಾತಕ್ಕೋಗ್ತೀಯ?"

ರುದ್ರಮ್ಮ ಅವನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿದಳು.

ಗಂಡ ಗಿಡ್ಡಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತಿಯಾದವನು. ಊಟದ ಹೊತ್ತಿಗೆ ಮಾತಾಡುವವನಲ್ಲ. ಕೈತೊಳೆಯಲು ಎದ್ದವನು ಬಾಗಿಲಲ್ಲಿ ನಿಂತು, "ಬಿಡೋದಾದ್ರೆ ಅವಳಾಗೇ ಬಿಡ್ಲಿ. ಅವರು ಬಿಡಿಸೋದು ಬ್ಯಾಡ" ಎಂದ.

ಮರುದಿನ ಮಾಲಿನಿ ಒಂದು ಕೆಲಸ ಮಾಡಿದಳು. ಅತ್ತೆಯ ತಟ್ಟೆ, ಲೋಟ ತೆಗೆದು ನೀರಿನ ಹಂಡೆಯ ಪಕ್ಕ ಬೇರೆ ಇಟ್ಟಳು.

"ರಿಪೋರ್ಟ್ ಬರೋವರೆಗೆ ಅಷ್ಟೇ ಅತ್ತೆ. ಮೀನಾಕ್ಷಿ ಇನ್ನೂ ಚಿಕ್ಕೋಳು, ನಿಮ್ಮ ಲೋಟದಲ್ಲೇ ಕುಡೀತಾಳೆ."

ಮೀನಾಕ್ಷಿ ಅವಳ ಮಗಳು, ಮೂರನೇ ಕ್ಲಾಸು. "ನಂಗೆ ಅಜ್ಜಿ ಲೋಟನೇ ಬೇಕು" ಎಂದು ರಾಗ ಎಳೆದಳು.

"ಸುಮ್ನಿರು ಕಣೇ. ನಿಮ್ಮಮ್ಮ ಓದ್ಕೊಂಡಿರೋಳು, ಅವಳಿಗೆ ಗೊತ್ತಿರುತ್ತೆ" ಎಂದಳು ರುದ್ರಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ಮಾಲಿನಿಗೆ ಕಸಿವಿಸಿ ತಂದಿತು.

ಎರಡು ದಿನ ಹಾಗೇ ನಡೆಯಿತು. ಮೂರನೇ ದಿನ ಗಿಡ್ಡಪ್ಪ ಊಟಕ್ಕೆ ಬಂದವನು ಹಂಡೆಯ ಪಕ್ಕದ ತಟ್ಟೆ ಎತ್ತಿಕೊಂಡು ತನ್ನ ಜಾಗದಲ್ಲಿ ಕೂತ.

"ಮಾವ, ಅದು ಅತ್ತೇದು."

"ಗೊತ್ತು. ಬಡ್ಸು."

ಮಾಲಿನಿ ಸೌಟು ಹಿಡಿದು ನಿಂತೇ ಇದ್ದಳು. ಗಿಡ್ಡಪ್ಪ ತಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಒರೆಸುತ್ತ ನಿಧಾನಕ್ಕೆ ಹೇಳಿದ.

"ನಮ್ಮಪ್ಪನ ಲೋಟ ಹೋಟ್ಲಿನ ಹಿಂದೆ ಗೋಡೆ ಮೊಳೆಗೆ ನೇತಾಕಿರೋರು. ಕುಡಿದು, ತಾನೇ ತೊಳೆದು, ಅಲ್ಲೇ ನೇತಾಕಿ ಬರಬೇಕು. ನಾನು ಕೈಹಿಡ್ಕೊಂಡು ಹೋಗೀನಿ, ನೋಡೀನಿ. ನೀನು ಓದಿರೋಳು, ನಿನ್ ಲೆಕ್ಕ ಸರಿ ಇರಬೌದು. ಆದ್ರೂ ಈ ಮನೇಲಿ ಬ್ಯಾರೆ ತಟ್ಟೆ ಬ್ಯಾಡ ಮಗಾ."

ಮಾಲಿನಿ ಬಡಿಸಿದಳು. ಅವತ್ತಿನಿಂದ ಅವಳು ಎಲ್ಲ ತಟ್ಟೆ ಲೋಟಗಳನ್ನೂ ಕುದಿಯುವ ನೀರಲ್ಲಿ ಅದ್ದಿ ತೊಳೆದಳು. ಯಾವುದು ಯಾರದ್ದೆಂದು ವಿಂಗಡಿಸಲಿಲ್ಲ.

ಪರೀಕ್ಷೆ ಎಲ್ಲಿ ಮಾಡಿಸುವುದೆಂಬುದೇ ದೊಡ್ಡ ಪ್ರಶ್ನೆಯಾಯಿತು. ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಮನೆಯಲ್ಲಿದ್ದೂ ಹೀಗಾಯಿತೆಂದು ಮಾಲಿನಿಗೆ ನಾಚಿಕೆ. ಅವಳ ಲ್ಯಾಬಿನ ಯಜಮಾನರು ಕನ್ನಡಕ ಹಣೆಗೇರಿಸಿ, "ಇದಕ್ಕೆ ಆ ಗಂಟಿನ ಚೂರು ಕುಯ್ದು, ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡಬೇಕಮ್ಮ. ಆ ಮೆಷಿನ್ನೂ ನಮ್ಮಲ್ಲಿಲ್ಲ, ಓದೋ ಕಣ್ಣೂ ನಮ್ಮಲ್ಲಿಲ್ಲ" ಎಂದರು. ಹಳೇಬೀಡಿಗೆ ವಾರಕ್ಕೆರಡು ದಿನ ಬರುವ ಡಾಕ್ಟರು ಟಾರ್ಚ್ ಹಾಕಿ ನೋಡಿ, "ಏನೂ ಅಲ್ಲ ಅನ್ಸುತ್ತೆ. ಆದ್ರೆ ಅನ್ಸುತ್ತೆ ಅಂತ ಬರೆದುಕೊಡೋಕಾಗಲ್ಲವಲ್ಲ. ಬೆಂಗಳೂರಿಗೆ ಹೋಗಿಬಿಡಿ" ಎಂದರು. ಬೇಲೂರಿನ ಇನ್ನೊಂದು ಲ್ಯಾಬು ರಕ್ತ ತೆಗೆಯುತ್ತೇವೆ ಅಂದಿತು. ರಕ್ತದಲ್ಲಿ ಇದು ಗೊತ್ತಾಗುವುದಿಲ್ಲ ಎಂದು ಮಾಲಿನಿಗೆ ಗೊತ್ತಿತ್ತು.

ಇತ್ತ ಸ್ವಾಮಿ ಬೇರೆ ದಾರಿ ಹುಡುಕಿ ಬಂದ.

"ನಮ್ ಡಿಪೋ ಹತ್ರ ಒಬ್ಬರವ್ರೆ. ಆರೋಗ್ಯವಾಗಿದಾರೆ ಅಂತ ಸೀಲ್ ಒತ್ತಿ ಕೊಡ್ತಾರೆ. ಬಾಯಿ ಕೂಡ ನೋಡಲ್ಲ."

"ಬಾಯಿ ನೋಡ್ದೆ?" ರುದ್ರಮ್ಮ ನಕ್ಕಳು. "ನಾಳೆ ನನ್ ಬಾಯಲ್ಲಿ ನಿಜವಾಗ್ಲೂ ಏನಾರ ಇದ್ರೆ? ಆ ಮಕ್ಕಳು ನನ್ ಕೈಯಿಂದ ಉಣ್ಣೋವು ಕಣೋ. ಇದ್ರೆ ಐತೆ ಅಂತ ಗೊತ್ತಾಗ್ಲಿ. ನಾನೇ ಬಿಡ್ತೀನಿ."

"ಅಷ್ಟೊಂದು ಸತ್ಯವಂತೆ ನೀನು, ಅವರೇನು ನಿನ್ನ ತಲೆ ಮೇಲೆ ಹೊತ್ಕೋತಾರಾ?"

"ಹೊತ್ಕೊಳ್ಳೋದು ಬ್ಯಾಡ. ಇಳಿಸೋದು ಬ್ಯಾಡ."

ಕೊನೆಗೆ ದಾರಿ ಸಿಕ್ಕಿದ್ದು ಬಸ್ಸಿನಲ್ಲೇ. ಕಾಲಿನ ಗಂಟೊಂದನ್ನು ಕುಯ್ಯಿಸಿಕೊಂಡಿದ್ದ ಒಬ್ಬ ಡ್ರೈವರ್ ಸ್ವಾಮಿಗೆ ಹೇಳಿದ್ದ: ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ ಕಡೆಯ ಬೀದಿಯಲ್ಲಿ ಕಮಲಾಕ್ಷಮ್ಮ ಎಂಬ ವಯಸ್ಸಾದ ಡಾಕ್ಟರ್ ಇದ್ದಾರೆ. ಮೆಡಿಕಲ್ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಥದ್ದನ್ನೇ ಪಾಠ ಮಾಡಿ, ನಿವೃತ್ತಿಯಾಗಿ ಊರಿಗೆ ಬಂದವರು. ಮನೆಯ ಮುಂದಿನ ಕೋಣೆಯಲ್ಲೇ ಹಳೆಯ ಮೆಷಿನ್ ಇಟ್ಟುಕೊಂಡು ಸುತ್ತಲಿನ ಆಸ್ಪತ್ರೆಗಳ ಚೂರುಗಳನ್ನು ನೋಡಿಕೊಡುತ್ತಾರೆ. ಬೋರ್ಡ್ ಇಲ್ಲ.

ಬೇಲೂರಿನ ಹಲ್ಲಿನ ಡಾಕ್ಟರು ಒಂದು ಗಂಟು ಕುಯ್ದುಕೊಡಲು ಒಪ್ಪಿದರು. "ಬಾಟಲಿ ನೀವೇ ತನ್ನಿ, ನಿಮ್ಮದು ಲ್ಯಾಬೇ ಅಲ್ವಾ" ಎಂದರು. ಮಾಲಿನಿ ತಂದಳು. ತನ್ನ ಕೈಯಾರೆ ಕುದಿಸಿದ ಬಾಟಲಿ, ಅದರಲ್ಲಿ ಶುದ್ಧ ಸಲೈನು, ಮೇಲೆ ಅತ್ತೆಯ ಹೆಸರಿನ ಚೀಟಿ. ಸೂಜಿ ಚುಚ್ಚುವಾಗ ರುದ್ರಮ್ಮ ಕಣ್ಣು ಮುಚ್ಚಿಕೊಂಡು ಸೊಸೆಯ ಮಣಿಕಟ್ಟು ಹಿಡಿದಿದ್ದಳು. ಬಿಟ್ಟ ಮೇಲೂ ಅಲ್ಲಿ ನಾಲ್ಕು ಬೆರಳಿನ ಗುರುತಿತ್ತು.

ಅದು ಶನಿವಾರ. ಸ್ವಾಮಿಗೆ ಡ್ಯೂಟಿ ಇದ್ದದ್ದು ಸೋಮವಾರ. ಬಾಟಲಿ ಭಾನುವಾರವಿಡೀ ಮನೆಯ ಕಪಾಟಿನಲ್ಲಿತ್ತು. ಸೋಮವಾರ ಬೇಲೂರು, ಹಳೇಬೀಡು, ಜಾವಗಲ್ ದಾಟಿ ಕಂಡಕ್ಟರನ ಚರ್ಮದ ಚೀಲದೊಳಗೆ ಚಿಲ್ಲರೆಯ ಜೊತೆ ಅರಸೀಕೆರೆ ಮುಟ್ಟಿತು.

ಮಂಗಳವಾರ ಮಧ್ಯಾಹ್ನ ಮಾಲಿನಿಯ ಲ್ಯಾಬಿಗೆ ಫೋನ್ ಬಂತು.

"ಬಾಟಲಿ ತುಂಬಿಸಿದ್ದು ಯಾರಮ್ಮ?" ವಯಸ್ಸಾದ ಹೆಂಗಸಿನ ದನಿ.

"ನಾನೇ ಮೇಡಂ."

"ಟೆಕ್ನಿಶಿಯನ್ನಾ?"

"ಹೌದು ಮೇಡಂ."

"ಮಾಂಸದ ಚೂರನ್ನ ಎರಡು ದಿನ ಸಲೈನಲ್ಲಿ ಹುಣಸೆಹಣ್ಣಿನ ಹಾಗೆ ನೆನೆಹಾಕಿದ್ದೀಯಲ್ಲ. ಕೆಡದ ಹಾಗೆ ಫಾರ್ಮಲಿನ್ನಲ್ಲಿ ಹಾಕಬೇಕಿತ್ತು. ಎಲ್ಲಾ ಕೊಳೆತಿದೆ. ನೋಡೋಕೆ ಏನೂ ಉಳಿದಿಲ್ಲ."

ಇದು ಮಾಲಿನಿ ಓದಿದ್ದ ಪಾಠವೇ. ಪುಸ್ತಕದ ಯಾವ ಪುಟದ ಯಾವ ಮೂಲೆಯಲ್ಲಿತ್ತು ಎಂಬುದೂ ಈಗ ನೆನಪಾಯಿತು. ಆರು ವರ್ಷ ಬರೀ ರಕ್ತ ಮೂತ್ರ ನೋಡಿದ ಕೈ, ಶುದ್ಧವಾಗಿದ್ದರೆ ಸಾಕು ಎಂದುಕೊಂಡಿತ್ತು.

ಸಂಜೆ ಹಗರೆಯಿಂದ ಮನೆಯವರೆಗಿನ ಎರಡು ಮೈಲಿ ಅವಳಿಗೆ ಸಾಲಲಿಲ್ಲ. ಇನ್ನೂ ಉದ್ದವಿದ್ದರೆ ಚೆನ್ನಾಗಿತ್ತು. ಡಾಕ್ಟರ ಕಡೆಯಿಂದಲೇ ತಪ್ಪಾಯಿತು ಅಂದರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಆ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳು ಹೇಳಿದಳು, "ಅತ್ತೆ, ಚೂರು ಹಾಳಾಯ್ತು. ನಾನು ಹಾಕಿದ ನೀರು ತಪ್ಪು. ಇನ್ನೊಂದ್ಸಲ ಕುಯ್ಯಬೇಕು."

ಸ್ವಾಮಿ ಅವತ್ತು ಮನೆಯಲ್ಲೇ ಇದ್ದ. "ಭೇಷ್! ಲ್ಯಾಬಿನೋಳು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೇ ಬಂತು. ಒಂದು ಬಾಟ್ಲಿಗೆ ಯಾವ ನೀರು ಹಾಕ್ಬೇಕು ಅಂತ ಗೊತ್ತಿಲ್ಲ."

"ನೀವು ಬಾಟ್ಲಿನ ಚಿಲ್ಲರೆ ಜೊತೆ ಕುಲುಕಿಸ್ಕೊಂಡು ಹೋದ್ರಲ್ಲ..."

"ಓಹೋ, ಈಗ ನಂದಾ ತಪ್ಪು?"

"ಅಲ್ಲ. ನಂದೇ." ಮಾಲಿನಿ ತಲೆ ತಗ್ಗಿಸಿದಳು.

ರುದ್ರಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಕುಯ್ದ ಜಾಗ ಇನ್ನೂ ಮಾಗಿರಲಿಲ್ಲ. ಮೂರು ದಿನದಿಂದ ಗಂಜಿ ಕುಡಿಯುತ್ತಿದ್ದಳು.

"ಏನ್ಲಾ ಅವಳ ಮೇಲೆ ಕೂಗಾಡ್ತೀಯ? ನಾನು ಎಷ್ಟು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿಲ್ಲ? ಉಂಡು ಸುಮ್ನಾಗಿಲ್ವಾ ನೀನು?" ಆಮೇಲೆ ಸೊಸೆಯ ಕಡೆ ತಿರುಗಿದಳು. "ಇನ್ನೂ ಏಳು ಅವೆ. ಯಾವ್ದು ಬೇಕೋ ಕುಯ್ಸು. ಈ ಸಲ ನಾನು ಕಣ್ಣು ಬಿಟ್ಕೊಂಡೇ ಇರ್ತೀನಿ, ನೀನು ಯಾವ ನೀರಾಕ್ತೀಯ ನೋಡ್ಬೇಕು."

ಮೀನಾಕ್ಷಿ ಜೋರಾಗಿ ನಕ್ಕಳು. ಗಿಡ್ಡಪ್ಪನೂ ಮುಖ ಆಚೆ ಮಾಡಿಕೊಂಡ. ಮಾಲಿನಿ ಚೊಂಬಿನಲ್ಲಿ ನೀರು ತುಂಬಿಸಿ ಅತ್ತೆಯ ಪಕ್ಕ ಇಟ್ಟಳು.

ಆ ದಿನಗಳಲ್ಲೆಲ್ಲ ಶಾಲೆಯ ಸಹಾಯಕಿ ದ್ಯಾವಮ್ಮನೇ ಅಡುಗೆ ಮಾಡಿದಳು. ಮೀನಾಕ್ಷಿ ದಿನಾ ವರದಿ ತರುತ್ತಿದ್ದಳು: ಅನ್ನ ಮುದ್ದೆಯಾಯಿತು, ಸಾರು ನೀರಾಯಿತು. ಊಟದ ಗಂಟೆ ಮನೆಗೂ ಕೇಳುತ್ತಿತ್ತು. ಆ ಹೊತ್ತಿಗೆ ರುದ್ರಮ್ಮ ಏನು ಮಾಡುತ್ತಿದ್ದರೂ ಕೈ ನಿಲ್ಲಿಸಿ, ಗಂಟೆ ಮುಗಿದ ಮೇಲೆ ಮುಂದುವರಿಸುತ್ತಿದ್ದಳಂತೆ. ಇದನ್ನು ಗಿಡ್ಡಪ್ಪ ಒಂದು ದಿನ ಸೊಸೆಗೆ ಹೇಳಿದ.

ಮೊದಲ ಗಾಯ ಮಾಗಿದ ಮೇಲೆ ಒಂದು ಬುಧವಾರ ಅತ್ತೆ ಸೊಸೆ ಇಬ್ಬರೂ ಹಳೇಬೀಡಿನಲ್ಲಿ ಸ್ವಾಮಿಯ ಬಸ್ಸನ್ನೇ ಹತ್ತಿದರು. ಮುಂದಿನ ಸೀಟಿನಲ್ಲಿ ಕೂರಿಸಿ ಅವನು ಇಬ್ಬರಿಗೂ ಟಿಕೆಟ್ ಹರಿದ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಯಾರು ಸ್ವಾಮಿ, ಅಮ್ಮಾವ್ರಾ?" ಎಂದ.

"ನಮ್ಮವ್ವ," ಎಂದ ಸ್ವಾಮಿ. ಒಂದು ಗಳಿಗೆ ತಡೆದು, "ಸ್ಕೂಲಲ್ಲಿ ಅಡುಗೆ ಮಾಡ್ತಾರೆ. ನೂರಾ ಹತ್ತು ಮಕ್ಕಳಿಗೆ" ಎಂದು ಸೇರಿಸಿದ.

ರುದ್ರಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಕೇಳಿಸಿಕೊಂಡಳೆಂದು ಮಾಲಿನಿಗೆ ಗೊತ್ತಾಯಿತು, ಯಾಕೆಂದರೆ ಅವಳು ಸೆರಗು ಸರಿಮಾಡಿಕೊಂಡಳು.

ಕಮಲಾಕ್ಷಮ್ಮ ಚಿಕ್ಕ ಆಳು, ಬಿಳಿಕೂದಲು, ಹತ್ತಿ ಸೀರೆಯ ಮೇಲೆ ಹಳೇ ಏಪ್ರನ್. ಪಕ್ಕದ ಬೀದಿಯ ಹಲ್ಲಿನ ಡಾಕ್ಟರನ್ನು ಅವರೇ ಕರೆಸಿದ್ದರು. ಬಾಟಲಿಯನ್ನು ಮಾಲಿನಿಯ ಕೈಗೆ ಕೊಟ್ಟು, "ನೀನೇ ಹಾಕು" ಎಂದರು. ಮಾಲಿನಿ ಫಾರ್ಮಲಿನ್ ಹಾಕಿದಳು. ಮೂಗು ಉರಿಯಿತು. ರುದ್ರಮ್ಮ ಹೇಳಿದಂತೆ ಕಣ್ಣು ಬಿಟ್ಟುಕೊಂಡೇ ಇದ್ದಳು. ಸೊಸೆಯ ಕೈ ಹಿಡಿಯಲಿಲ್ಲ.

ಮುಂದಿನ ಬುಧವಾರ ಮತ್ತೆ ಹೋದರು. ಕಮಲಾಕ್ಷಮ್ಮ ಮಾತಿಲ್ಲದೆ ಮಾಲಿನಿಯನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

"ಏನು ಕಾಣುತ್ತೆ?"

"ಮೇಲಿನ ಪದರ ದಪ್ಪಗಾಗಿದೆ ಮೇಡಂ. ಬೇರು ಇಳಿಬಿಟ್ಟ ಹಾಗೆ ಕೆಳಕ್ಕೆ ಇಳಿದಿದೆ. ಆದ್ರೆ ಅಂಚು ಎಲ್ಲೂ ಒಡೆದಿಲ್ಲ."

"ಅಷ್ಟೇ. ಅಂಚು ಒಡೆದಿಲ್ಲ. ಕ್ಯಾನ್ಸರ್ ಅಲ್ಲ, ಅದರ ಲಕ್ಷಣವೂ ಇಲ್ಲ. ಇದೊಂದು ವೈರಸ್ಸಿನಿಂದ ಬರೋ ಗಂಟು. ಕೈಮೇಲೆ ನರೂಲಿ ಬರುತ್ತಲ್ಲ, ಅದರ ನೆಂಟ. ಯಾವ ವೈರಸ್ಸು ಅಂತ ಹೆಸರು ಹಿಡೀಬೇಕಂದ್ರೆ ದೂರದ ಲ್ಯಾಬಿಗೆ ಕಳಿಸಬೇಕು. ಅದರ ಅಗತ್ಯ ಇಲ್ಲ. ತಾನಾಗೇ ಹೋಗುತ್ತೆ, ಒಂದೊಂದ್ಸಲ ವರ್ಷಗಟ್ಟಲೆ ಇದ್ದೂ ಹೋಗುತ್ತೆ."

"ಅಡುಗೆ ಮಾಡಬೌದಾ ಅವ್ವ?" ರುದ್ರಮ್ಮ ಕೇಳಿದ್ದು ಅದೊಂದೇ.

"ಎಂಜಲು ಲೋಟದಲ್ಲಿ ಕುಡಿದ್ರೆ ಅಂಟಬಹುದೇನೋ. ಕುದಿಯೋ ಸಾರಿನಿಂದ ಅಂಟಲ್ಲ. ಧಾರಾಳವಾಗಿ ಮಾಡು. ಕಾಗದದಲ್ಲೂ ಬರೆದಿದ್ದೀನಿ. ಆದ್ರೆ ನಿನ್ನ ಹಲ್ಲು ನೋಡಿದ್ರೇ ಗೊತ್ತಾಗುತ್ತೆ, ಹೊಗೆಸೊಪ್ಪು ಬಿಡು."

"ಅದಕ್ಕೂ ಇದಕ್ಕೂ ಸಂಬಂಧ ಐತಾ?"

"ಇಲ್ಲ."

"ಮತ್ತೆ?"

"ಬಿಡು ಅಂದ್ರೆ ಬಿಡು!" ಕಮಲಾಕ್ಷಮ್ಮ ಗದರಿದರು. ಆಮೇಲೆ ತಾವೇ ಎದ್ದು ಅವಳನ್ನೂ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ರುದ್ರಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಗುಲಾಬಿ, ನೇರಳೆ ಬಣ್ಣಗಳನ್ನು ಬಹಳ ಹೊತ್ತು ನೋಡಿದಳು.

"ಇದು ನನ್ ಬಾಯಾ? ಸೀರೆ ಅಂಚಿದ್ದಂಗೈತಲ್ಲ."

ಶನಿವಾರ ಶಾಲೆಯ ವರಾಂಡದಲ್ಲಿ ಸಮಿತಿ ಸೇರಿತು. ಬೆಂಚಿನ ಮೇಲೆ ಏಳು ಜನ, ಕುರ್ಚಿಯಲ್ಲಿ ರೇವಣಸಿದ್ದಪ್ಪನವರು, ಪಕ್ಕದಲ್ಲಿ ಹೆಡ್ ಮೇಡಂ. ಗಿಡ್ಡಪ್ಪ ಕಂಬದ ಹತ್ತಿರ ನಿಂತ. ಸ್ವಾಮಿ ರಜೆ ಹಾಕಿ ಬಂದಿದ್ದ. ಇಂಗ್ಲಿಷಿನಲ್ಲಿದ್ದ ರಿಪೋರ್ಟನ್ನು ಮಾಲಿನಿ ಕನ್ನಡದಲ್ಲಿ ಓದಿ ಹೇಳಿದಳು.

"ವೈರಸ್ಸು ಅಂತ ಐತಲ್ಲ?" ಒಬ್ಬ ಸದಸ್ಯ ಹಿಡಿದ.

"ನೆಗಡಿನೂ ವೈರಸ್ಸೇ. ನೆಗಡಿ ಬಂದೋರು ಯಾರೂ ನಿಮ್ಮನೇಲಿ ಅಡುಗೆ ಮಾಡಿಲ್ವಾ?" ಮಾಲಿನಿಯ ದನಿ ಏರಿತು.

"ನೀವೇ ಲ್ಯಾಬಿನೋರು, ನೀವೇ ಓದೋರು..."

"ಮಾಡಿದ್ದು ನಾನಲ್ಲ. ನಾನು ಮಾಡಿದ್ದು ಹಾಳಾಗಿತ್ತು. ಅದಕ್ಕೇ ನಮ್ಮತ್ತೆ ಎರಡು ಸಲ ಕುಯ್ಸಿಕೊಂಡಿರೋದು. ಕೆಳಗೆ ಡಾಕ್ಟರ ಸಹಿ ಇದೆ, ಫೋನ್ ನಂಬರ್ ಇದೆ. ಈಗಲೇ ಮಾಡಿ ಕೇಳಿ."

ಯಾರೂ ಫೋನ್ ಮಾಡಲಿಲ್ಲ. ರೇವಣಸಿದ್ದಪ್ಪನವರು ಕಾಗದವನ್ನು ತಿರುವಿ ಹಿಂದೆ ಮುಂದೆ ನೋಡಿದರು. "ಕಾಗದ ಸರಿಯಾಗೇ ಐತೆ. ಆದ್ರೂ ಜನ... ಈಗ ಹಿಂಗ್ ಮಾಡಾನ. ರುದ್ರಮ್ಮ ತರಕಾರಿ ಹೆಚ್ಚಿ ಕೊಡ್ಲಿ, ಪಾತ್ರೆ ತೊಳೀಲಿ. ಒಲೆ ಕೆಲಸ, ಉಪ್ಪು ನೋಡೋದು ದ್ಯಾವಮ್ಮ ಮಾಡ್ಲಿ. ಮೂರ್ ತಿಂಗಳು ಕಳೀಲಿ. ಏನಂತೀಯ?"

ಸ್ವಾಮಿ ಮುಂದೆ ಬರಲು ಹೆಜ್ಜೆ ಎತ್ತಿದ. ಗಿಡ್ಡಪ್ಪ ಅವನ ತೋಳು ಹಿಡಿದ.

ರುದ್ರಮ್ಮ ಎದ್ದು ನಿಂತಳು. ಅವಳ ತುಟಿ ಇನ್ನೂ ಸ್ವಲ್ಪ ಊದಿತ್ತು. ದನಿ ಏರಿಸಲಿಲ್ಲ.

"ಯಜಮಾನ್ರೆ, ಕಾಗದ ತಾ ಅಂದ್ರಿ, ತಂದೆ. ಎರಡು ಸಲ ಕುಯ್ಸಿಕೊಂಡು ತಂದೆ. ಇನ್ನೂ ಯಾವುದೋ ಕಾಗದ ಬೇಕು ಅಂತ ನಿಮ್ಮ ಮನಸ್ಸಲ್ಲೈತೆ. ಯಾವ ಕಾಗದ ಅಂತ ಬಾಯಿಬಿಟ್ಟು ಹೇಳಿಬಿಡಿ. ಹೇಳಿದ್ರೆ ಅದನ್ನೂ ತತ್ತೀನಿ."

ಬೆಂಚಿನ ಮೇಲಿದ್ದವರು ತಮ್ಮ ತಮ್ಮ ಕಾಲನ್ನು ನೋಡಿಕೊಂಡರು. ಮಾಲಿನಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರಿಗೂ ಉತ್ತರ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಒಂದೂ ಇರಲಿಲ್ಲ. ರುದ್ರಮ್ಮ ಕೂರಲಿಲ್ಲ. ಅವರು ಹೇಳುವವರೆಗೂ ನಿಲ್ಲುವವಳಂತೆ ನಿಂತೇ ಇದ್ದಳು.

ರೇವಣಸಿದ್ದಪ್ಪನವರು ಕೆಮ್ಮಿದರು. "ಮೇಡಂ, ಪುಸ್ತಕ ಕೊಡಿ" ಎಂದು ಕೈಚಾಚಿ, ಸೋಮವಾರದಿಂದ ಮೊದಲಿನಂತೆಯೇ ಎಂದು ಬರೆಸಿ ಸಹಿ ಹಾಕಿದರು. ಮುಖ ಎತ್ತದೆ, "ಉಪ್ಪೂ ನೀನೇ ನೋಡವ್ವ" ಎಂದರು.

ಮನೆಗೆ ಬರುವಾಗ ಸ್ವಾಮಿ ಎದೆಯುಬ್ಬಿಸಿ ಮುಂದೆ ನಡೆಯುತ್ತಿದ್ದ, ತಾನೇ ಮಾತಾಡಿ ಗೆದ್ದವನ ಹಾಗೆ. ಸೌಟು ಬಿಡು ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮಾಲಿನಿ ಮೊದಲ ಬಸ್ಸು ಬಿಟ್ಟು ಅತ್ತೆಯ ಜೊತೆ ಶಾಲೆಗೆ ಹೋದಳು. ಅಕ್ಕಿ ಅಳೆಯುವಾಗ ದ್ಯಾವಮ್ಮ ಪಿಸುಗುಟ್ಟಿದಳು, "ರುದ್ರಕ್ಕ, ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತಂದವ್ರೆ. ತೊಂಬತ್ತೊಂಬತ್ತಕ್ಕೆ ಹಾಕಿದ್ರೆ ಸಾಕು."

"ನೂರಾ ಹತ್ತಕ್ಕೆ ಹಾಕು."

"ಉಳೀತದಲ್ಲಕ್ಕ?"

"ಉಳೀಲಿ. ಅವು ಬಂದು ತಟ್ಟೆ ಹಿಡಿದಾಗ ಅನ್ನ ಇಲ್ಲ ಅನ್ನೋಕೆ ನನ್ ಕೈಲಾಗಲ್ಲ."

ಸಂಜೆ ಮಾಲಿನಿ ಬೇಲೂರಿನಿಂದ ಬಂದು ಚೀಲ ಕೆಳಗಿಡುವ ಮೊದಲೇ ಕೇಳಿದಳು, "ಎಷ್ಟು ಉಳೀತು ಅತ್ತೆ, ಹನ್ನೊಂದು ಮಕ್ಕಳದ್ದೂನಾ?"

ರುದ್ರಮ್ಮ ಮೀನಾಕ್ಷಿಯ ಜಡೆ ಬಿಚ್ಚಿ ಬಾಚುತ್ತಿದ್ದಳು. ತಲೆ ಎತ್ತಲಿಲ್ಲ.

"ಎಂಟು ಮಕ್ಕಳದ್ದು."